ಮಾಟುಂಗದಲ್ಲಿ ಸಿಗುವ ಕನ್ನಡ

ಮುಂಬೈಯಲ್ಲಿ ಏನಾದರೂ ಕೊಳ್ಳಬೇಕಿದ್ದರೆ ಅಂಗಡಿಯ ಹೆಸರಿಗಿಂತ ಬೀದಿಯ ಹೆಸರು ಗೊತ್ತಿರಬೇಕು. ಚಿನ್ನಕ್ಕೆ ಜವೇರಿ ಬಜಾರ್, ಬಟ್ಟೆಗೆ ಮಂಗಳದಾಸ್ ಮಾರ್ಕೆಟ್, ಹಳೆಯ ಗಡಿಯಾರ, ಗ್ರಾಮೋಫೋನುಗಳಿಗೆ ಚೋರ್ ಬಜಾರ್. ಕಸುಬು ಹೋದರೂ ಹೆಸರು ಹೋಗುವುದಿಲ್ಲ. ಕಮ್ಮಾರರ ಹೆಸರು ಹೊತ್ತ ಲೋಹಾರ್ ಚಾಳಿನಲ್ಲಿ ಇಂದು ಮಾರುವುದು ವೈರು, ಸ್ವಿಚ್ಚು, ದೀಪ. 1869ರಲ್ಲಿ ತೆರೆದ ಕ್ರಾಫರ್ಡ್ ಮಾರ್ಕೆಟ್ಟಿಗೆ ಮಹಾತ್ಮ ಜ್ಯೋತಿಬಾ ಫುಲೆಯವರ ಹೆಸರಿಟ್ಟಾಗಿದೆ. ಟ್ಯಾಕ್ಸಿ ಹತ್ತುವವರ ಬಾಯಲ್ಲಿ ಅದು ಇನ್ನೂ ಕ್ರಾಫರ್ಡೇ.

ಈ ಸಾಲಿನಲ್ಲಿ ಕನ್ನಡಿಗರ ಹೆಸರಿನ ಬಜಾರಿಲ್ಲ. ಆದರೆ ಕನ್ನಡ ಕೇಳಿ ಕೊಳ್ಳಬಹುದಾದ ಪೇಟೆಯೊಂದಿದೆ. ಅದು ಮಾಟುಂಗ.

1896ರಲ್ಲಿ ಬಂದ ಪ್ಲೇಗು ಮುಂಬೈಯ ಇಕ್ಕಟ್ಟಾದ ಕೇರಿಗಳನ್ನು ಹಿಂಡಿದ ಮೇಲೆ, 1898ರಲ್ಲಿ ನಗರ ಸುಧಾರಣೆಗೆಂದು ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅದು ಉತ್ತರಕ್ಕೆ ಯೋಜನೆ ಹಾಕಿ ಕಟ್ಟಿದ ಹೊಸ ಬಡಾವಣೆಗಳಲ್ಲಿ ದಾದರ್ ಮತ್ತು ಮಾಟುಂಗ ಸೇರಿವೆ. ಅಗಲವಾದ ಬೀದಿ, ಮರಗಳ ಸಾಲು, ಮೂರು ನಾಲ್ಕು ಮಹಡಿಯ ಕಟ್ಟಡಗಳು. ಕಚೇರಿ ಕೆಲಸಕ್ಕೆಂದು ದಕ್ಷಿಣದಿಂದ ಬಂದ ಕುಟುಂಬಗಳು ಇಲ್ಲಿ ಬಾಡಿಗೆಗೆ ನಿಂತವು. 1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿತು. 1942ರಲ್ಲಿ ರೈಲು ನಿಲ್ದಾಣದ ಬಳಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರುವಾಯಿತು; ಬಾಳೆ ಎಲೆಯ ಊಟಕ್ಕೆ ಅಲ್ಲಿ ಇಂದಿಗೂ ಸಾಲು ನಿಲ್ಲುತ್ತದೆ. ಹಳಿಗಳ ಆಚೆ, ಮಾಹಿಮ್ ಕಡೆಗೆ, ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸಭಾಂಗಣ.

ಮಾಟುಂಗದ ಪೇಟೆಯಲ್ಲಿ ಬೆಳಿಗ್ಗೆ ತಿರುಗಾಡಿದರೆ ಕರಾವಳಿಯ ಅಡುಗೆಮನೆ ಬೀದಿಗೆ ಬಂದಂತಿರುತ್ತದೆ. ಬಾಳೆ ಎಲೆಯ ಕಟ್ಟು, ಮಲ್ಲಿಗೆ ದಂಡೆ, ಕೆಸುವಿನೆಲೆ, ಬಸಳೆ, ಕುಚ್ಚಲಕ್ಕಿ, ಹಪ್ಪಳ, ಸಂಡಿಗೆ, ಆಗಷ್ಟೇ ಪುಡಿ ಮಾಡಿದ ಕಾಫಿಯ ವಾಸನೆ. ಮಾರುವವರೆಲ್ಲ ದಕ್ಷಿಣದವರಲ್ಲ. ಆದರೂ ಗಿರಾಕಿಯ ಮುಖ ನೋಡಿ ಯಾವ ಹೆಸರು ಹೇಳಬೇಕೆಂಬುದು ಅವರಿಗೆ ಗೊತ್ತು.

ಕೆಸುವಿನೆಲೆಯ ಒಂದೇ ರಾಶಿಯನ್ನು ನೋಡಿ. ಮರಾಠಿಯವರಿಗೆ ಅದು ಆಳೂ. ಮನೆಗೆ ಹೋಗಿ ಆಳುವಡಿ ಆಗುತ್ತದೆ. ಅದೇ ಪೇಟೆಗೆ ಬರುವ ಗುಜರಾತಿಗಳಿಗೆ ಅದು ಪಾತ್ರಾ. ನಮ್ಮವರಿಗೆ ಪತ್ರೊಡೆ. ಬಸಳೆಗೆ ಮರಾಠಿಯಲ್ಲಿ ಮಾಯಾಳು. ಮಂಗಳೂರು ಸೌತೆಗೆ ಮಾತ್ರ ಮುಂಬೈ ಬೇರೆಯೇ ಹೆಸರಿಟ್ಟಿದೆ: ಮದ್ರಾಸ್ ಕಾಕಡಿ.

ದಕ್ಷಿಣದವರನ್ನೆಲ್ಲ ‘ಮದ್ರಾಸಿ’ ಎಂದು ಕರೆಯುವ ಉಡಾಫೆ ಇದು ಎಂದು ಸಿಟ್ಟಾಗಬಹುದು. ಆದರೆ 1956ರವರೆಗೂ ಮಂಗಳೂರು, ಉಡುಪಿಗಳು ಇದ್ದದ್ದು ಮದ್ರಾಸ್ ಆಡಳಿತದಲ್ಲೇ. ಉತ್ತರ ಕನ್ನಡವನ್ನು ಮಾತ್ರ 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದರು; ಧಾರವಾಡ, ಬೆಳಗಾವಿ, ಬಿಜಾಪುರಗಳೂ ಮುಂಬೈಯವೇ. ಹಾಗಾಗಿ ಕುಮಟೆಯಿಂದ ಬಂದವನು ತನ್ನದೇ ಪ್ರಾಂತ್ಯದ ರಾಜಧಾನಿಗೆ ಬಂದಿದ್ದ; ಕುಂದಾಪುರದಿಂದ ಬಂದವನು ಪರಪ್ರಾಂತ್ಯಕ್ಕೆ. ಸೌತೆಕಾಯಿಯ ಹೆಸರಿನಲ್ಲಿ ಆ ಹಳೆಯ ಗಡಿ ಇನ್ನೂ ಕಾಣುತ್ತದೆ.

ಪೇಟೆ ಹೀಗೆ ಹೆಸರುಗಳನ್ನು ಕಾಪಾಡುತ್ತದೆ. ವಸ್ತು ಬಿಕರಿಯಾಗುವಷ್ಟು ದಿನ ಅದರ ಹೆಸರಿಗೂ ಕೆಲಸವಿರುತ್ತದೆ. ಆದರೆ ಭಾಷೆಯೆಂದರೆ ನಾಮಪದಗಳಷ್ಟೇ ಅಲ್ಲ. ಮುಂಬೈಯಲ್ಲೇ ಹುಟ್ಟಿ ಬೆಳೆದ ಮೂರನೆಯ ತಲೆಮಾರಿನ ಹುಡುಗಿಗೆ ‘ಪತ್ರೊಡೆ’ ಎಂಬ ಮಾತು ಗೊತ್ತಿರುತ್ತದೆ. ಎಲೆಯ ನಾರು ತೆಗೆ, ಹಿಟ್ಟು ಹಚ್ಚು, ಸುರುಳಿ ಸುತ್ತು, ಹಬೆಯಲ್ಲಿ ಬೇಯಿಸು ಎಂದು ಅಜ್ಜಿ ಹೇಳಿದ್ದನ್ನು ಅವಳು ತನ್ನ ಗೆಳತಿಗೆ ಹೇಳುವುದು ಹಿಂದಿಯಲ್ಲಿ ಅಥವಾ ಇಂಗ್ಲಿಷಿನಲ್ಲಿ. ತಿಂಡಿಯ ಹೆಸರು ಉಳಿಯಿತು, ಕ್ರಿಯಾಪದಗಳು ಹೋದವು. ಒಂದು ಭಾಷೆ ಇನ್ನೊಂದರಿಂದ ನಾಮಪದಗಳನ್ನು ಸಲೀಸಾಗಿ ತೆಗೆದುಕೊಳ್ಳುತ್ತದೆ, ಕ್ರಿಯಾಪದಗಳನ್ನು ಅಷ್ಟು ಸುಲಭವಾಗಿ ಅಲ್ಲ. ಪತ್ರೊಡೆಯನ್ನು ಹಿಂದಿ ವಾಕ್ಯದಲ್ಲಿ ಕೂರಿಸಬಹುದು. ಹಚ್ಚು, ಸುತ್ತುಗಳಿಗೆ ಕನ್ನಡದ ವಾಕ್ಯವೇ ಬೇಕು.

ಮುಂಬೈಯಲ್ಲಿ ಇದಕ್ಕೆ ಇನ್ನೊಂದು ತೊಡಕಿದೆ. ಇಲ್ಲಿನ ‘ಕನ್ನಡಿಗ’ರಲ್ಲಿ ಬಹಳ ಜನರ ಮನೆಮಾತು ತುಳು ಅಥವಾ ಕೊಂಕಣಿ. ಅವರಿಗೆ ಕನ್ನಡವೆಂದರೆ ಶಾಲೆಯ, ಪತ್ರಿಕೆಯ, ಯಕ್ಷಗಾನದ, ಸಭೆಯ ಭಾಷೆ. ಮನೆ ಹೊರಬೇಕಾದ ಭಾರವನ್ನು ಸಂಸ್ಥೆಗಳು ಹೊರಬೇಕು. ಅವು ಹೊತ್ತಿವೆ ಕೂಡ. ಹೋಟೆಲುಗಳಲ್ಲಿ ಹಗಲೆಲ್ಲ ಲೋಟ ತೊಳೆದ ಹುಡುಗರು ಕನ್ನಡ ರಾತ್ರಿಶಾಲೆಗಳಲ್ಲಿ ಕೂತು ಓದಿ ಗುಮಾಸ್ತರಾದರು, ವಕೀಲರಾದರು. ಯಶವಂತ ಚಿತ್ತಾಲರು ಬಾಂದ್ರಾದ ಕಡಲ ದಂಡೆಯಲ್ಲಿದ್ದುಕೊಂಡು ಹನೇಹಳ್ಳಿಯನ್ನು ಬರೆದರು. 1979ರ ‘ಶಿಕಾರಿ’ಯಲ್ಲಿ ಮುಂಬೈಯನ್ನೇ ಬರೆದರು. ಗೋಕರ್ಣದ ಜಯಂತ ಕಾಯ್ಕಿಣಿಯವರ ಕಥೆಗಳಲ್ಲಿ ಚಾಳು, ಲೋಕಲ್ ರೈಲು, ಥಿಯೇಟರುಗಳು ಕನ್ನಡದಲ್ಲಿ ಉಸಿರಾಡುತ್ತವೆ. ಆ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2018ರ ಡಿಎಸ್‌ಸಿ ಪ್ರಶಸ್ತಿ ಬಂತು. ಮುಂಬೈಯ ಕನ್ನಡಕ್ಕೆ ಕ್ರಿಯಾಪದಗಳ ಕೊರತೆ ಇರಲಿಲ್ಲ.

ಈಗ ರಾತ್ರಿಶಾಲೆಗೆ ಬರುವ ಹೋಟೆಲ್ ಹುಡುಗರು ಕಡಿಮೆ, ಕನ್ನಡ ಮಾಧ್ಯಮಕ್ಕೆ ಸೇರುವ ಮಕ್ಕಳೂ ಕಡಿಮೆ. ಮಾಟುಂಗದ ಹಳೆಯ ಕಟ್ಟಡಗಳ ಜಾಗದಲ್ಲಿ ಗೋಪುರಗಳು ಏಳುತ್ತಿವೆ. ಬಹಳ ಕುಟುಂಬಗಳು ಎಂದೋ ಡೊಂಬಿವಲಿಗೆ, ಮೀರಾ ರೋಡಿಗೆ, ನವಿ ಮುಂಬೈಗೆ ಹೋಗಿವೆ. ಅವರು ಚೌತಿಯ ಹಿಂದಿನ ವಾರ ಚೀಲ ಹಿಡಿದು ಬರುತ್ತಾರೆ, ಎಲೆ, ಹೂವು, ಸೌತೆ ಕೊಂಡು ರೈಲು ಹತ್ತುತ್ತಾರೆ. ಸಾಮಾನು ಇರುವುದು ಮಾಟುಂಗದಲ್ಲಿ, ಮಾತಾಡುವವರು ಇರುವುದು ಒಂದು ಗಂಟೆಯ ದೂರದಲ್ಲಿ. ಸೌತೆಕಾಯಿಯೀಗ ಆ್ಯಪಿನಲ್ಲೂ ಸಿಗುತ್ತದೆ. ಅಲ್ಲಿ ಚಿತ್ರ ಒತ್ತಿದರೆ ಸಾಕು, ಹೆಸರನ್ನೂ ಹೇಳಬೇಕಿಲ್ಲ.

ಡೊಂಬಿವಲಿಯಲ್ಲೂ ಕರ್ನಾಟಕ ಸಂಘವಿದೆ, ಅಲ್ಲೂ ಯಕ್ಷಗಾನ ನಡೆಯುತ್ತದೆ. ಪೇಟೆಯನ್ನು ಹಿಂದೆ ಬಿಟ್ಟ ಜನ ಸಂಘವನ್ನು ಜೊತೆಗೆ ಒಯ್ದಿದ್ದಾರೆ. ಸಂಘದ ಸಭೆ ವರ್ಷಕ್ಕೆ ಹತ್ತು ಸಲ ನಡೆದೀತು; ಸೊಪ್ಪು ಕೊಳ್ಳುವ ಕೆಲಸ ದಿನಾ ಇರುತ್ತದೆ. ಮಾಟುಂಗಕ್ಕೆ ಹೋಗುವವರು ಬೆಳಿಗ್ಗೆಯೇ ಹೋಗಲಿ, ಮಕ್ಕಳನ್ನೂ ಕರೆದುಕೊಂಡು ಹೋಗಲಿ. ಎಲೆ ಎಳೆಯದಿದೆಯೇ, ಬಾಯಿ ತುರಿಸುತ್ತದೆಯೇ ಎಂದು ಕನ್ನಡದಲ್ಲೇ ಕೇಳಲಿ. ಮಾರುವವನು ಯಾವ ಭಾಷೆಯಲ್ಲಿ ಉತ್ತರಿಸಿದರೂ, ಚೌಕಾಸಿಯ ನಡುವೆ ನಾಲ್ಕು ಕ್ರಿಯಾಪದಗಳು ಮಗುವಿನ ಕಿವಿಗೆ ಬಿದ್ದಿರುತ್ತವೆ.