ಅಬ್ಬಾರ ಜೋಡುನಳಿಗೆ ಬಂದೂಕು

ಅಬ್ಬಾ ತೀರಿಕೊಂಡ ಮೂರನೆಯ ದಿನ, ಜಿಯಾರತ್ ಮುಗಿಸಿ ಬಂದವರಿಗೆ ಚಹಾ ಕೊಡುತ್ತಿದ್ದಾಗ ಚಾಚಾ ಒಬ್ಬರು ನನ್ನನ್ನು ಮೂಲೆಗೆ ಕರೆದು ಮೆಲ್ಲಗೆ ಕೇಳಿದರು: "ಬಂದೂಕ್ ಕಿದರ್ ಹೈ ಬೇಟಾ?" ಹೊಲದ ಬಗ್ಗೆ ಕೇಳಲಿಲ್ಲ, ಮನೆಯ ಬಗ್ಗೆ ಕೇಳಲಿಲ್ಲ. ಅವರದೇನೂ ತಪ್ಪಿಲ್ಲ. ಸವಣೂರಿನ ನಮ್ಮ ಓಣಿಯಲ್ಲಿ ನಮ್ಮದು 'ಬಂದೂಕಿನವರ ಮನೆ'. ಮಗನ ಮದುವೆಯ ಕಾರ್ಡು ಕೊಡಲು ಬಂದವರೂ ಹೊರಡುವ ಮೊದಲು ಒಮ್ಮೆ ಆ ಜರ್ಮನ್ ಬಂದೂಕನ್ನು ನೋಡಿಯೇ ಹೋಗುತ್ತಿದ್ದರು.

ಅದರ ಬಗ್ಗೆ ಮನೆಯಲ್ಲಿ ಎರಡು ಕತೆಗಳಿದ್ದವು. ಒಂದು, ಶಿಕಾರಿಯಲ್ಲಿ ಮೆಚ್ಚಿ ನವಾಬರು ಅದನ್ನು ನಮ್ಮ ದಾದಾನಿಗೆ ಇನಾಮು ಕೊಟ್ಟರು ಎಂಬುದು. ಇನ್ನೊಂದು, ತೋಪು ತಯಾರಿಸುವ ಜರ್ಮನಿಯ ಕ್ರುಪ್ ಕಂಪನಿಯೇ ಅದನ್ನು ಮಾಡಿತು ಎಂಬುದು. ನಳಿಗೆಯ ಮೇಲೆ 'ಕ್ರುಪ್ ಎಸ್ಸೆನ್' ಎಂದು ಕೊರೆದಿರುವುದನ್ನು ನಾನು ಉರ್ದು ಶಾಲೆ ಬಿಟ್ಟು ಕನ್ನಡ ಹೈಸ್ಕೂಲು ಸೇರಿ, ಇಂಗ್ಲಿಷ್ ಅಕ್ಷರ ಚೆನ್ನಾಗಿ ಬಂದ ವರ್ಷ ಓದಿ ಹೇಳಿದ್ದೆ. ಅಂದು ಅಬ್ಬಾ ನನ್ನ ಬೆನ್ನು ತಟ್ಟಿದ್ದರು.

ಅಬ್ಬಾ ಆ ಬಂದೂಕನ್ನು ಬೇರೆಯವರ ಕೈಗೆ ಕೊಟ್ಟವರಲ್ಲ. ಚುನಾವಣೆ ಬಂದಾಗಲೆಲ್ಲ ಲೈಸೆನ್ಸುದಾರರು ಬಂದೂಕನ್ನು ಠಾಣೆಗೆ ಒಪ್ಪಿಸಬೇಕಲ್ಲ, 2024ರ ಮೇ ತಿಂಗಳಿನ ಲೋಕಸಭಾ ಚುನಾವಣೆಗೆ ಒಮ್ಮೆ ಕೊಟ್ಟು ಬಂದರು. ಅದೇ ನವೆಂಬರಿನಲ್ಲಿ ಶಿಗ್ಗಾಂವಿ ಕ್ಷೇತ್ರದ ಉಪಚುನಾವಣೆ ಬಂತು. ಸವಣೂರು ಆ ಕ್ಷೇತ್ರಕ್ಕೇ ಸೇರಿದ್ದು. ಮತ್ತೆ ಹೊರಟರು. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಬಂದೂಕಿನ ಚೀಲ. "ನಾನು ಹಿಡಿಯುತ್ತೇನೆ" ಎಂದರೆ, "ಲೈಸೆನ್ಸ್ ನನ್ನ ಹೆಸರಲ್ಲಿದೆ, ನಿನ್ನ ಹೆಸರಲ್ಲಲ್ಲ" ಎಂದರು.

ಆ ಮಾತಿನ ಅರ್ಥ ಅವರು ಹೋದ ಮೇಲೆ ತಿಳಿಯಿತು. ಲೈಸೆನ್ಸು ಮಾಡಿಸಿಕೊಂಡವರ ಜೊತೆಗೇ ಮುಗಿಯುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ವಾರಸುದಾರರು ತಡಮಾಡದೆ ಬಂದೂಕನ್ನು ಠಾಣೆಯಲ್ಲೋ ಪರವಾನಗಿಯುಳ್ಳ ವ್ಯಾಪಾರಿಯಲ್ಲೋ ಜಮಾ ಮಾಡಬೇಕು. ಠಾಣೆಗೆ ಬರೆದು ತಿಳಿಸಿ, ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ಇಟ್ಟು ರಸೀದಿ ತಂದೆ. ಹಾನಗಲ್ಲ ತಾಲೂಕಿನ ಕಾಡಂಚಿನಲ್ಲಿ ನಮ್ಮ ನಾಲ್ಕು ಎಕರೆ ಹೊಲವಿದೆ. ಅಲ್ಲಿ ಗೋವಿನಜೋಳ ಬೆಳೆಯುವ ತಮ್ಮನಿಗೆ ಹಂದಿಗಳ ಕಾಟ. ಕೊಲ್ಲುವುದಕ್ಕಲ್ಲ, ಅದಕ್ಕೆ ಬೇರೆ ಅನುಮತಿಯೇ ಬೇಕು. ಆಕಾಶಕ್ಕೆ ಒಂದು ಈಡು ಹಾರಿಸಿ ಓಡಿಸುವುದಕ್ಕೆ. ಅವನ ಹೆಸರಿಗೆ ಲೈಸೆನ್ಸು ಆಗಬೇಕಾದರೆ ಉಳಿದ ವಾರಸುದಾರರ ನಾಹರಕತ್ತು ಪತ್ರ ಬೇಕು. ಅಮ್ಮಾ ಮೊದಲೇ ಹೋಗಿದ್ದಾಳೆ. ಉಳಿದವರು ನಾನು ಮತ್ತು ಹಿರೇಕೆರೂರಿಗೆ ಕೊಟ್ಟ ತಂಗಿ. ನಾನು ರುಜು ಮಾಡಿ ಅವಳಿಗೆ ಫೋನ್ ಮಾಡಿದೆ.

"ಮಾಡ್ತೀನಿ ಭಾಯ್," ಎಂದಳು. ಆಮೇಲೆ ತಡೆದು, "ಪೈಲೇ ಉಸ್ಕಿ ಕಿಮ್ಮತ್ ಬೋಲೋ" ಎಂದಳು.

ಮೊದಲು ಅದರ ಬೆಲೆ ಹೇಳು! ನನಗೆ ಪಿಚ್ಚೆನಿಸಿತು. ಅಬ್ಬಾರ ನೆನಪಿಗೆ ಬೆಲೆ ಕಟ್ಟುತ್ತಾಳಲ್ಲ ಎನಿಸಿತು. ಆದರೂ ಕೇಳಿದ್ದಾಳೆ, ಹೇಳಬೇಕು.

ಶಿಗ್ಗಾಂವಿಯಲ್ಲಿ ನಮಗೆ ಗೊತ್ತಿದ್ದ ಒಬ್ಬ ಉಸ್ತಾದರಿದ್ದಾರೆ. ಒಂದು ಕಾಲಕ್ಕೆ ಬಂದೂಕು ರಿಪೇರಿ ಮಾಡುತ್ತಿದ್ದವರು, ಈಗ ಕೈ ನಡುಗುತ್ತದೆಂದು ಬಿಟ್ಟಿದ್ದಾರೆ. ಅವರನ್ನು ಬಸ್ಸಿಗೆ ಹತ್ತಿಸಿಕೊಂಡು ಹುಬ್ಬಳ್ಳಿಗೆ ಹೋದೆ. ವ್ಯಾಪಾರಿ ಬಂದೂಕು ತಂದಿಟ್ಟ. ನಾನು ಹೆಮ್ಮೆಯಿಂದ ಕ್ರುಪ್ ಹೆಸರು ತೋರಿಸಿದೆ. ಉಸ್ತಾದರು ಅದನ್ನು ನೋಡಲೇ ಇಲ್ಲ.

"ಕುಡಗೋಲಿನ ಕಬ್ಬಿಣ ಟಾಟಾದ್ದಿರಬಹುದು. ಕುಡಗೋಲು ಬಡಿದವನು ಟಾಟಾ ಏನು?" ಎಂದರು. ಎಸ್ಸೆನ್ ಊರಿನ ಕ್ರುಪ್ ಕಾರ್ಖಾನೆ ಮಾಡಿದ್ದು ನಳಿಗೆಯ ಉಕ್ಕನ್ನು ಮಾತ್ರ. ಆ ಉಕ್ಕನ್ನು ಕೊಂಡು ಎಷ್ಟೋ ಜನ ಬಂದೂಕು ಮಾಡಿದರು, ಒಳ್ಳೆಯ ಉಕ್ಕು ಎಂದು ತೋರಿಸಲು ಆ ಹೆಸರನ್ನು ಮೇಲೆ ಕೊರೆದರು. ಮೇಲಿನದು ಗಿರಾಕಿಗೆ, ಕೆಳಗಿನದು ಬಲ್ಲವನಿಗೆ ಎಂದು ಉಸ್ತಾದರು ಮುಂದಿನ ಕಟ್ಟಿಗೆ ಕಳಚಿ, ನಳಿಗೆಗಳನ್ನು ಬಿಡಿಸಿ, ಬೋರಲು ಹಾಕಿದರು.

ಅಬ್ಬಾ ಎಣ್ಣೆ ಹಚ್ಚುವಾಗ ನೂರು ಸಲ ಪಕ್ಕದಲ್ಲಿ ಕುಳಿತಿದ್ದರೂ ನಾನು ಆ ಅಕ್ಷರಗಳನ್ನು ನೋಡಿರಲಿಲ್ಲ. ಬುಡದಲ್ಲಿ ಸಾಲಾಗಿ ಪುಟ್ಟ ಕಿರೀಟಗಳು, ಒಂದೊಂದರ ಕೆಳಗೂ ಒಂದೊಂದು ಅಕ್ಷರ. ಜರ್ಮನಿ 1891ರಲ್ಲಿ ಮಾಡಿದ ಕಾಯ್ದೆಯಂತೆ ಪ್ರತಿ ನಳಿಗೆಗೂ ಹೆಚ್ಚಿನ ಮದ್ದು ತುಂಬಿ ಸಿಡಿಸಿ, ತಾಳಿಕೊಂಡರೆ ಮಾತ್ರ ಹಾಕುತ್ತಿದ್ದ ಸರ್ಕಾರಿ ಮುದ್ರೆಗಳು ಅವು. 'ಯು' ಎಂದರೆ ಪರಿಶೀಲನೆ ಆಗಿದೆ. 'ಎಸ್' ಎಂದರೆ ಛರ್ರಾ ಹಾರಿಸುವ ನುಣುಪು ನಳಿಗೆ. 'ಡಬ್ಲ್ಯು' ಎಂದರೆ ಬಾಯಿಯ ಹತ್ತಿರ ನಳಿಗೆ ಸ್ವಲ್ಪ ಕಿರಿದಾಗಿದೆ, ಛರ್ರಾ ಚದುರದೆ ದೂರ ಹೋಗುತ್ತದೆ. 'ಎನ್' ಎಂದರೆ ಹೊಗೆಯಿಲ್ಲದ ಮದ್ದಿಗೂ ತಾಳುತ್ತದೆ. ವೃತ್ತದೊಳಗಿನ 12 ಅದರ ಬೋರು; ಒಂದು ಪೌಂಡ್ ಸೀಸದಲ್ಲಿ ಹನ್ನೆರಡು ಗುಂಡು ಮಾಡಿದರೆ ಅದರಲ್ಲಿ ಒಂದು ಹಿಡಿಸುವಷ್ಟು ಅಗಲ. 1918ರಲ್ಲಿ ಕೈಸರ್ ಸಿಂಹಾಸನ ಬಿಟ್ಟರೂ ಬಂದೂಕಿನ ಮೇಲಿನ ಕಿರೀಟ ಹೋಗಲಿಲ್ಲ. 1940ರಿಂದ ಅದರ ಜಾಗಕ್ಕೆ ಹದ್ದಿನ ಮುದ್ರೆ ಬಂತು. ನಮ್ಮದಕ್ಕೆ ಕಿರೀಟವಿದೆ, ಪಕ್ಕದಲ್ಲಿ ಸಣ್ಣದಾಗಿ 11 ಮತ್ತು 27. ಎಂದರೆ 1927ರ ನವೆಂಬರಿನಲ್ಲಿ ಪರೀಕ್ಷೆಯಾದದ್ದು.

ಮಾಡಿದವರ ಹೆಸರು ಎಲ್ಲಿಯೂ ಇರಲಿಲ್ಲ. ಜರ್ಮನಿಯ ಸೂಲ್ ಎಂಬ ಊರಿನಲ್ಲಿ ಮನೆಮನೆಯಲ್ಲೂ ಬಂದೂಕಿನ ಕೆಲಸ ನಡೆಯುತ್ತಿತ್ತು. ಒಬ್ಬ ನಳಿಗೆ ಜೋಡಿಸಿದರೆ ಇನ್ನೊಬ್ಬ ಕುಂದಾ ಕೆತ್ತುವವನು, ಮತ್ತೊಬ್ಬ ಚಿತ್ರ ಕೊರೆಯುವವನು. ಝಾವರ್, ಮೆರ್ಕೆಲ್, ಸಿಮ್ಸನ್‌ರಂಥವರು ತಮ್ಮ ಹೆಸರು ಹಾಕಿದರು. ಉಳಿದ ಎಷ್ಟೋ ಕೈಗಳು ಹೆಸರಿಲ್ಲದೆ ಹೋದವು. ನಮ್ಮದು ಅಂಥ ಕೈಗಳದೇ ಇರಬೇಕು. ಕುಂದಾಕ್ಕೆ ಕೆನ್ನೆ ಆನಿಸಲು ಬಿಟ್ಟ ಉಬ್ಬು, ಹೆಗಲಪಟ್ಟಿಯ ಕೊಂಡಿ, ಬೀಗದ ಹಾಗೆ ಅಡ್ಡ ಹಾಯುವ ದುಂಡು ಬೋಲ್ಟು, ಎಲ್ಲವೂ ಜರ್ಮನ್ ರೀತಿ ಎಂದರು ಉಸ್ತಾದರು. ನಳಿಗೆಗಳನ್ನು ಕೊಂಡಿಯಿಂದ ತೂಗಿ ಬೆರಳಿನಿಂದ ಬಡಿದರು. ಮಸೀದಿಯ ಹಳೆಯ ಗಡಿಯಾರ ಹೊಡೆದಂತೆ ಗುಂಯ್ ಎಂದಿತು. ಬೆಸುಗೆ ಬಿಟ್ಟಿದ್ದರೆ ಒಡೆದ ಗಡಿಗೆಯ ಹಾಗೆ ಸದ್ದಾಗುತ್ತಿತ್ತಂತೆ.

ಆಮೇಲೆ ತೋಟಾ ಕೂಡುವ ಜಾಗವನ್ನು ಅಳೆದು ಮುಖ ಸಣ್ಣ ಮಾಡಿದರು. 65 ಮಿಲಿಮೀಟರು. ಈಗ ಅಂಗಡಿಯಲ್ಲಿ ಸಿಗುವ ತೋಟಾ 70ರದು. ಬಾಯಿ ಮಡಚಿರುವುದರಿಂದ ಅದು ಒಳಗೆ ಸಲೀಸಾಗಿ ಕೂಡುತ್ತದೆ. ಸಿಡಿದಾಗ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒಳಗಿನ ಒತ್ತಡ ಏರುತ್ತದೆ. ಅಬ್ಬಾ ವರ್ಷಗಟ್ಟಲೆ ಅದನ್ನೇ ಹಾಕಿದ್ದರು. "ಅಲ್ಲಾಹ್ ಕಾ ಕರಮ್," ಎಂದು ಉಸ್ತಾದರು ಆಕಾಶ ನೋಡಿದರು.

ವ್ಯಾಪಾರಿ ಹದಿನೆಂಟು ಸಾವಿರ ಎಂದ. ನನ್ನ ಮುಖ ನೋಡಿ ಲೆಕ್ಕವನ್ನೂ ಹೇಳಿದ. ಮಾಡಿದವನ ಹೆಸರಿದ್ದರೆ ಮಾತು ಬೇರೆ. 1972ರ ವನ್ಯಜೀವಿ ಕಾಯ್ದೆಯ ನಂತರ ಶಿಕಾರಿ ಇಲ್ಲ, ಹೀಗಾಗಿ ಜೋಡುನಳಿಗೆ ಕೇಳುವವರೂ ಕಡಿಮೆ. ಕೊಳ್ಳುವವನಿಗೆ ಲೈಸೆನ್ಸು ಇರಲೇಬೇಕು. ತೋಟಾದ ತೊಂದರೆ ಬೇರೆ. ಕಾಗದಪತ್ರ ಸರಿಯಿಲ್ಲದಿದ್ದರೆ ಹದಿನೆಂಟು ರೂಪಾಯಿಯೂ ಇಲ್ಲ.

ಆ ಕಾಗದಪತ್ರಕ್ಕಾಗಿ ಮನೆಗೆ ಬಂದು ಅಬ್ಬಾರ ಟ್ರಂಕು ತೆಗೆದೆ. ತಳದಲ್ಲಿ ದಾದಾನ ಲೈಸೆನ್ಸು ಪುಸ್ತಕ, ಉರ್ದುವಿನಲ್ಲಿ ಅವರ ರುಜು. ಬಂದೂಕು ಎಲ್ಲಿಂದ ಬಂತು ಎಂಬ ಕಡೆ 1957ರಲ್ಲಿ ಅಂಗಡಿಯಿಂದ ಖರೀದಿ ಎಂದಿದೆ. ಸವಣೂರು ಸಂಸ್ಥಾನ 1948ರಲ್ಲೇ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನವಾಬರ ಇನಾಮು ಅಲ್ಲಿಗೆ ಮುಗಿಯಿತು. ಅದರ ಜೊತೆಗೇ ಇನ್ನೊಂದು ಹಳದಿಯಾದ ಕಾಗದವಿತ್ತು. ದಾದಾ ತೀರಿಕೊಂಡ ಮೇಲೆ, 1979ರಲ್ಲಿ, ಬಂದೂಕು ಅಬ್ಬಾರ ಹೆಸರಿಗೆ ಆಗಲು ಫುಫ್ಫಿ ಕೊಟ್ಟ ನಾಹರಕತ್ತು. ಕೆಳಗೆ ಅವಳ ಹೆಬ್ಬೆಟ್ಟು. ಅದೇ ತಾರೀಖಿನ ಇನ್ನೊಂದು ಕಾಗದ ಹೊಲಕ್ಕೆ ಸಂಬಂಧಿಸಿದ್ದು. ಅದರ ಕೆಳಗೂ ಅದೇ ಹೆಬ್ಬೆಟ್ಟು. ಒಂದೇ ದಿನ, ಒಂದೇ ಮಸಿಯಲ್ಲಿ ಎರಡೂ ಮುಗಿದಿದ್ದವು. ಖುರಾನನ್ನು ತಡೆಯದೆ ಓದುತ್ತಿದ್ದ ನಮ್ಮ ಫುಫ್ಫಿಗೆ ತನ್ನ ಹೆಸರು ಬರೆಯಲು ಯಾರೂ ಕಲಿಸಿರಲಿಲ್ಲ.

ಹಿರೇಕೆರೂರಿಗೆ ಹೋದೆ. ಲೆಕ್ಕ ಬರೆದುಕೊಂಡೇ ಹೋಗಿದ್ದೆ. ಇಬ್ಬರು ಗಂಡುಮಕ್ಕಳಿಗೆ ಎರಡೆರಡು, ಮಗಳಿಗೆ ಒಂದು, ಒಟ್ಟು ಐದು ಪಾಲು. ಹದಿನೆಂಟು ಸಾವಿರದಲ್ಲಿ ಅವಳದು ಮೂರು ಸಾವಿರದ ಆರುನೂರು. ಕಿರೀಟದ ಕತೆ, ತೋಟಾದ ಕತೆ ಎಲ್ಲ ಹೇಳಿ ಲಕೋಟೆ ಮುಂದಿಟ್ಟೆ. ತಂಗಿ ಪೂರ್ತಿ ಕೇಳಿದಳು. ಲಕೋಟೆ ಮುಟ್ಟಲಿಲ್ಲ.

"ಬಂದೂಕ್ ಕಾ ಹಿಸಾಬ್ ಬಹುತ್ ಅಚ್ಛಾ ಕರೇ ಭಾಯ್. ಖೇತ್ ಕಾ ಬೀ ಐಸಾಚ್ ಕರೋ."

ಹೊಲದ ಲೆಕ್ಕವನ್ನೂ ಹೀಗೇ ಮಾಡು. ದನಿ ಏರಿಸಿ ಹೇಳಲಿಲ್ಲ, ಚಹಾಕ್ಕೆ ಸಕ್ಕರೆ ಸಾಕೇ ಎಂದು ಕೇಳಿದ ಹಾಗೆ ಹೇಳಿದಳು. ನಾಲ್ಕು ಎಕರೆಯಲ್ಲಿ ಐದನೆಯ ಒಂದು ಪಾಲು ಮೂವತ್ತೆರಡು ಗುಂಟೆ. ಆ ಲೆಕ್ಕಕ್ಕೆ ಉಸ್ತಾದರೂ ಬೇಡ, ಹುಬ್ಬಳ್ಳಿಯೂ ಬೇಡ. ನಿಸಾ ಅಧ್ಯಾಯದಲ್ಲಿ ಅದು ಮೊದಲೇ ಆಗಿದೆ. ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ನಾನು ಕತೆ ಬರೆದಿದ್ದೇನೆ, ಸಭೆಗಳಲ್ಲಿ ಮಾತಾಡಿದ್ದೇನೆ. ಆದರೆ ಅಬ್ಬಾ ಹೋದ ಮೇಲೆ ಉತಾರಕ್ಕೆ ನಮ್ಮಿಬ್ಬರ ಹೆಸರು ಮಾತ್ರ ಸೇರಿಸಲು ತಮ್ಮ ಕೊಟ್ಟ ಅರ್ಜಿಗೆ ನಾನು ಎರಡನೆಯ ಮಾತಿಲ್ಲದೆ ರುಜು ಹಾಕಿದ್ದೆ. ಮದುವೆಗೆ ಖರ್ಚು ಮಾಡಿದ್ದೇವಲ್ಲ ಎಂಬ ಸಮಾಧಾನ ನನ್ನೊಳಗೂ ಇತ್ತು.

ಹಾನಗಲ್ಲಿಗೆ ಹೋಗಿ ಇದನ್ನು ಹೇಳಿದಾಗ ತಮ್ಮ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಉತ್ತು ಬಿತ್ತು ಹಂದಿ ಕಾದವನು ಅವನೇ, ಅವನ ಸಿಟ್ಟು ಸುಳ್ಳಲ್ಲ. ಮೂರನೆಯ ದಿನ ಆ ಅರ್ಜಿಯನ್ನು ವಾಪಸು ತೆಗೆದುಕೊಂಡೆವು. ವಾಟ್ನಿಗೆ ಈಗ ಮೂರು ಹೆಸರಿನಲ್ಲಿ ಅರ್ಜಿ ಕೊಟ್ಟಿದ್ದೇವೆ. ಮೋಜಣಿಯವರು ಇನ್ನೂ ಬರಬೇಕು.

ಬಂದೂಕು ಹುಬ್ಬಳ್ಳಿಯ ಅಂಗಡಿಯಲ್ಲೇ ಇದೆ. ನಾಹರಕತ್ತು ತಂಗಿಯ ಕಪಾಟಿನಲ್ಲಿದೆ, ರುಜು ಇಲ್ಲದೆ. ಮೋಜಣಿ ಆದ ದಿನ ಹಾಕುತ್ತಾಳಂತೆ. ಅವಳು ಬಿ.ಎ. ಓದಿದವಳು, ಹೆಬ್ಬೆಟ್ಟಿನ ಪ್ರಶ್ನೆ ಬರುವುದಿಲ್ಲ.