ಬದಿಗಿಟ್ಟ ಪೀಸು

ಶಿಕಾರಿ ಸಾಹಿತ್ಯ ನನ್ನ ಪಿಎಚ್.ಡಿ. ವಿಷಯ. ತೇಜಸ್ವಿ ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಕಥೆಗಳನ್ನು ಓದುವಾಗ ನಮ್ಮ ಕಣ್ಣೆಲ್ಲ ಹುಲಿಯ ಮೇಲಿರುತ್ತದೆ. ಗುಂಡು ಹಾರಿದ ಮೇಲೆ ಕೋವಿಯಿಂದ ಹೊರಬೀಳುವ ಖಾಲಿ ತೋಟಾದ ಕಡೆ ಯಾರೂ ನೋಡುವುದಿಲ್ಲ. ನನಗೆ ಅದರ ಕುತೂಹಲ ಹತ್ತಿತು.

ಮದ್ದು ಹೊತ್ತಿಕೊಂಡಾಗ ತೋಟಾದ ಹಿತ್ತಾಳೆ ಉಬ್ಬಿ ಚೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತದೆ. ಬಿಸಿ ಅನಿಲ ಹಿಂದಕ್ಕೆ, ಹೊಡೆದವನ ಕಣ್ಣಿಗೆ ಬರದಂತೆ ತಡೆಯುವುದು ಅದೇ. ಆಮೇಲೆ ತುಸು ಕುಗ್ಗುತ್ತದೆ, ಆದರೆ ಮೊದಲಿನ ಅಳತೆಗೆ ಮರಳುವುದಿಲ್ಲ. ಅಮೆರಿಕದಲ್ಲಿ ಹವ್ಯಾಸಿಗಳು ಅದನ್ನು ತೊಳೆದು, ಎಣ್ಣೆ ಸವರಿ, ಡೈಗೆ ಒತ್ತಿ ಅಳತೆಗೆ ತಂದು ಮನೆಯಲ್ಲೇ ಮತ್ತೆ ತುಂಬುತ್ತಾರೆ. ನಮ್ಮಲ್ಲಿ ಪರವಾನಗಿ ಇಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಹಾಗಾಗಿ ನನ್ನದು ಓದಿನ ತಿಳಿವಳಿಕೆ ಮಾತ್ರ.

ಓದಿದ್ದು ಅರ್ಥವಾದದ್ದು ಹರಿಹರದಲ್ಲಿ, ಅಪ್ಪನಿಂದ. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಬಂದಾಗಿನಿಂದ ಲೇತ್ ಎಂಬುದು ಆ ಊರಿನ ಮನೆಮಾತು. ಅಪ್ಪ ಅಲ್ಲೊಂದು ಸಣ್ಣ ವರ್ಕ್‌ಶಾಪಿನಲ್ಲಿ ಟರ್ನರ್. ತೋಟಾದ ಭುಜವನ್ನು ಒಂದೆರಡು ಥೌ ಮಾತ್ರ ಹಿಂದಕ್ಕೆ ಒತ್ತಬೇಕಂತೆ ಎಂದೆ. ಥೌ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ.

"ಜಾಸ್ತಿ ಒತ್ತಿದ್ರ ಏನಾಕ್ಕತಿ?" ಎಂದರು.

ಜಾಸ್ತಿ ಒತ್ತಿದರೆ ಮುಂದಿನ ಸಲ ಹಿತ್ತಾಳೆ ಉದ್ದಕ್ಕೆ ಹಿಗ್ಗಲು ಜಾಗ ಸಿಗುತ್ತದೆ. ಬುಡದ ಸ್ವಲ್ಪ ಮೇಲೆ ಗೋಡೆ ತೆಳುವಾಗುತ್ತ ಹೋಗಿ ಒಂದು ದಿನ ಅಲ್ಲೇ ತುಂಡಾಗುತ್ತದೆ. ಹೊರಗಿನಿಂದ ನೋಡಿದರೆ ಫಳಫಳ. ತುದಿ ಬಾಗಿಸಿದ ತಂತಿಯನ್ನು ಒಳಗೆ ಆಡಿಸಿದರೆ ಮಾತ್ರ ಆ ತಗ್ಗು ಬೆರಳಿಗೆ ತಿಳಿಯುತ್ತದೆ. ತಿಳಿದ ಮೇಲೆ ಅದನ್ನು ಎಸೆಯಬೇಕು.

"ಅಷ್ಟ ನೋಡವ್ವ ಕೆಲಸ ಅಂದ್ರ," ಎಂದರು ಅಪ್ಪ.

ತೂತು ಅಳೆಯುವ ಅವರ ಗೇಜಿಗೆ ಎರಡು ತುದಿ: ಗೋ ಮತ್ತು ನೋ-ಗೋ. ಮೊದಲನೆಯದು ಒಳಗೆ ಹೋಗಬೇಕು, ಎರಡನೆಯದು ಹೋಗಬಾರದು. ಎರಡೂ ಹೋದರೆ ಪೀಸು ಬದಿಗೆ. ಪೀಸ್ ರೇಟಿನ ದುಡಿಮೆಯಲ್ಲಿ ಬದಿಗಿಟ್ಟ ಪೀಸಿಗೆ ಕೂಲಿಯಿಲ್ಲ. ನನ್ನ ಕಾಲೇಜು ಫೀಸು ಕಟ್ಟುವ ವರ್ಷಗಳಲ್ಲೂ ಅವರು ಬದಿಗಿಡುತ್ತಲೇ ಇದ್ದರು. ಕೂಲಿ ಕಮ್ಮಿಯಾದ ವಾರ ಅವ್ವ ಕೇಳುತ್ತಿದ್ದಳು, "ಒಂದು ಥೌ ಹೆಚ್ಚಾದ್ರ ಯಾರಿಗೆ ಗೊತ್ತಾಕ್ಕತಿ?"

"ಬೇರಿಂಗಿಗೆ ಗೊತ್ತಾಕ್ಕತಿ," ಎನ್ನುತ್ತಿದ್ದರು ಅಪ್ಪ.

ದಾವಣಗೆರೆಯ ರೂಮಿನಲ್ಲಿ ಈಗ ಪ್ರಬಂಧದ ಕೊನೆಯ ಕರಡು ತಿದ್ದುತ್ತಿದ್ದೇನೆ. ಫೆಲೋಶಿಪ್ ಇರುವುದು ಇನ್ನು ಕೆಲವೇ ತಿಂಗಳು. ಗೈಡ್ ಮೆಚ್ಚಿದ್ದ ಒಂದು ಅಧ್ಯಾಯವನ್ನು, ಆಧಾರ ಸಾಲದೆಂದು, ಕಳೆದ ವಾರ ಬದಿಗಿಟ್ಟೆ. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಎಷ್ಟು ಪುಟ ಎಂದು ಕೇಳಿದರು. 42 ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಆತಾ?" ಎಂದರು.