ಮರ ಹಿಡಿಯೋರು ಯಾರು?

ಮರಗೆಲಸದ ಬೆಂಚು ಅಂದ್ರೆ ದಪ್ಪ ಮೇಜು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಅಲ್ಲ. ಮೇಜು ವಸ್ತುವನ್ನು ಹೊತ್ತರೆ ಸಾಕು, ಬೆಂಚು ಅದನ್ನು ಬಿಗಿಯಾಗಿ ಹಿಡಿಯಬೇಕು. ಹಲಗೆಗೆ ಉಜ್ಜುಗೊರಡು ಹಾಕುವಾಗ ನಮ್ಮ ಎರಡೂ ಕೈ ಗೊರಡಿನ ಮೇಲಿರುತ್ತವೆ. ಆಗ ಮರ ಹಿಡಿಯೋರು ಯಾರು?

ನಮ್ಮೂರ ಆಚಾರ್ರಿಗೆ ಈ ಪ್ರಶ್ನೆಯೇ ಇರಲಿಲ್ಲ. ಕುಕ್ಕರುಗಾಲಲ್ಲಿ ಕೂತು, ಹಲಗೆಯನ್ನು ಪಾದದಲ್ಲಿ ಒತ್ತಿ ಹಿಡಿದು ಉಳಿ ಹೊಡೆಯುತ್ತಿದ್ದರು. ಕಾಲೇ ಅವರ ವೈಸ್. ನಮ್ಮನೆ ಬಾಗಿಲು, ತೊಟ್ಟಿಲು ಎಲ್ಲ ಆದದ್ದು ಹಾಗೇ. ನಾನು ಹಾಗೆ ಕೂತರೆ ಹತ್ತು ನಿಮಿಷಕ್ಕೆ ಮಂಡಿ ಹಿಡಿದುಕೊಳ್ಳುತ್ತೆ. ದಿನವಿಡೀ ಕುರ್ಚಿ ಮೇಲಿರೋ ಮೈ ಇದು. ಆಚಾರ್ರ ವಿದ್ಯೆ ಸ್ವಲ್ಪ ಯೂಟ್ಯೂಬಲ್ಲಿ ಸಿಗಬಹುದು, ಅವರ ಮಂಡಿ ಸಿಗಲ್ಲ.

ಊರಿನ ಮನೆ ಮಾರಿದಾಗ ಅಟ್ಟದಿಂದ ಇಳಿಸಿ ತಂದ ಆರು ಹಲಸಿನ ಹಲಗೆಗಳು ಬೆಂಗಳೂರಿನ ನನ್ನ ಬಾಡಿಗೆ ಮನೆ ಬಾಲ್ಕನಿಯಲ್ಲಿವೆ. ಅವು ಮಗಳ ಓದೋ ಮೇಜಾಗಬೇಕು. ಹಲಗೆ ಜಾರಿ ಉಳಿ ತಪ್ಪಿದರೆ ಇನ್ನೊಂದು ತರೋಣ ಅನ್ನೋಕೆ ಆ ಮನೆ ಈಗ ನಮ್ಮದಲ್ಲ. ಅದಕ್ಕೇ ಬೆಂಚಿನ ವಿಷಯದಲ್ಲಿ ಇಷ್ಟು ಲೆಕ್ಕಾಚಾರ.

ಮೊದಲು ಎತ್ತರ. ನೆಟ್ಟಗೆ ನಿಂತು ಕೈ ಇಳಿಬಿಟ್ಟು, ಅಂಗೈ ಮಡಚಿದರೆ ಅದು ಚಪ್ಪಟೆಯಾಗಿ ಊರುವಷ್ಟು ಇದ್ದರೆ ಸರಿ. ನನಗೆ 32 ಇಂಚು. ಇದಕ್ಕಿಂತ ಎತ್ತರವಾದರೆ ಭುಜ ನೋವು, ತಗ್ಗಾದರೆ ಸೊಂಟ ನೋವು. ಗೊರಡನ್ನು ತೋಳಿಗಿಂತ ಹೆಚ್ಚಾಗಿ ಮೈಭಾರ ತಳ್ಳಬೇಕು.

ಆಮೇಲೆ ತೂಕ. ಮಡಚುವ ಬೆಂಚು ಜಾಗ ಉಳಿಸುತ್ತೆ. ರಾನ್ ಹಿಕ್‌ಮನ್ ರೂಪಿಸಿದ 'ವರ್ಕ್‌ಮೇಟ್' ಇಂಥದ್ದೇ. ಅದರ ಮೇಲ್ಭಾಗದ ಎರಡು ಹಲಗೆಗಳೇ ವೈಸ್ ಆಗುತ್ತವೆ. ಕೊಯ್ಯೋಕೆ, ಡ್ರಿಲ್ ಮಾಡೋಕೆ ಚೆನ್ನ. ಆದರೆ ಹಗುರವಾದ ಬೆಂಚು ಗೊರಡಿನ ಜೊತೆ ತಾನೂ ಹೊರಡುತ್ತೆ. ಇನ್ನೊಂದು ತುದಿಯಲ್ಲಿದೆ 18ನೇ ಶತಮಾನದ ಫ್ರೆಂಚ್ ಕುಶಲಕರ್ಮಿ ಆಂದ್ರೆ ರೂಬೋ ತನ್ನ ಪುಸ್ತಕದಲ್ಲಿ ವಿವರಿಸಿದ ದಪ್ಪ ದಿಮ್ಮಿಯ ಬೆಂಚು. ಜಗ್ಗುವ ಮಾತೇ ಇಲ್ಲ. ಆದರೆ ಮನೆ ಬದಲಿಸುವಾಗ ಮೂರನೇ ಮಹಡಿಯಿಂದ ಇಳಿಸೋರು ಯಾರು?

ಕೊನೆಗೆ ನಾನು ಆರಿಸಿದ್ದು ನಡುವಿನ ದಾರಿ. 18 ಎಂಎಂ ಪ್ಲೈವುಡ್ಡಿನ ಎರಡು ತುಂಡು ಅಂಟಿಸಿ 4 ಅಡಿ ಉದ್ದ, 2 ಅಡಿ ಅಗಲದ ಮೇಲ್ಭಾಗ. ಕಾಲುಗಳಿಗೆ ನಟ್ಟು ಬೋಲ್ಟು, ಬಿಚ್ಚಿ ಸಾಗಿಸಬಹುದು. ಕೆಳಗಿನ ಹಲಗೆ ಮೇಲೆ ಸಾಮಾನಿನ ಪೆಟ್ಟಿಗೆ ಇಟ್ಟರೆ ತೂಕವೂ ಬಂತು. ನಾನು ಬಲಗೈಯವನು, ಹಾಗಾಗಿ ವೈಸ್ ಎಡತುದಿಗೆ. ಅದರ ಕಬ್ಬಿಣದ ದವಡೆ ಹಲಸಿಗೆ ಕಚ್ಚದಂತೆ ಒಳಗೆ ಮರದ ಪಟ್ಟಿ.

"ಹಲಸಿನ ಹಲಗೇನೇ ಬೆಂಚಿಗೆ ಹಾಕಿದ್ರೆ ಖರ್ಚು ಉಳೀತಿತ್ತಲ್ಲ" ಅಂದಳು ಹೆಂಡತಿ. ಮನಸ್ಸು ಬರಲಿಲ್ಲ. ಬೆಂಚು ಇರೋದು ಏಟು ತಿನ್ನೋಕೆ. ಅದನ್ನು ಪ್ಲೈವುಡ್ ತಿನ್ನಲಿ.